ಹಾರದ ಮೊಳೆ

ಮಚ್ಚೇಂದ್ರ ಹೊಸ್ತಿಲು ದಾಟಿ ಬಂದಾಗ ಸೋನುಬಾಯಿ ಜೋಳ ಹಸನು ಮಾಡುತ್ತಿದ್ದಳು. ಅವನ ಕಂಕುಳಲ್ಲಿದ್ದ ಖಾಲಿ ಚೌಕಟ್ಟು ಕಂಡದ್ದೇ ಮೊರ ಅವಳ ಕೈಯಲ್ಲಿ ನಿಂತುಬಿಟ್ಟಿತು.

ಹುಮನಾಬಾದಿನಲ್ಲಿ ಪಟಕ್ಕೆ ಕಟ್ಟು ಹಾಕುವ ಅಂಗಡಿಯವನು ಮಚ್ಚೇಂದ್ರ. ಹೈದರಾಬಾದಿನ ದೊಡ್ಡ ಪೇಂಟರ್ ಸಾಹೇಬರಿಗೆ ಈ ಕಡೆಯ ಗಿರಾಕಿ ಹಿಡಿದು ಕೊಡುವವನೂ ಅವನೇ. ಮೊದಲು ನವಾಬರ ಬೇಗಮರನ್ನು ಬರೆದ ಸಾಹೇಬರ ಕೈ ಈಗ ಸಾಹುಕಾರರ ಮನೆಯವರನ್ನು ಬರೆಯುತ್ತಿತ್ತು. ಎರಡು ವರ್ಷದ ಹಿಂದೆ ಮಚ್ಚೇಂದ್ರ ಚಿಟಗುಪ್ಪದಲ್ಲಿರುವ ಸೋನುಬಾಯಿಯ ತಂಗಿಯ ಮನೆಗೂ ಹೋಗಿದ್ದ. ತಂಗಿಯ ಗಂಡ ಆಗ ಎದ್ದು ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಮುಂದಿನ ಅಮಾವಾಸ್ಯೆಗೆ, ಆಗ ಬರೆಸಿದ ಅವನ ಪಟಕ್ಕೆ ಹಾರ ಬಿತ್ತು.

ಬಸವಕಲ್ಯಾಣದ ಈ ಓಣಿಯಲ್ಲಿ ಬದುಕಿದ್ದವರ ಪಟವನ್ನು ಯಾರೂ ಗೋಡೆಗೆ ಹಾಕುವುದಿಲ್ಲ.

“ಏನ್ ಮಚ್ಚೇಂದ್ರ, ಯಾರ ಮನಿ ವಾಸನಿ ಹಿಡದ ಬಂದಿ?”

“ಅವ್ವಾರ ಮಷ್ಕಿರಿ ಬಿಡಂಗಿಲ್ಲ ನೋಡ್ರಿ! ನಿಮ್ಮ ಮಗಾರೇ ಹೇಳಿ ಕಳಿಸ್ಯಾರ. ಸಾಹೇಬ್ರು ಹುಮನಾಬಾದ ಬಂಗಲೆದಾಗ ಇಳದಾರ. ನಿಮ್ಮ ಪಟ ಬರೀತಾರ.”

ಮಗ ಮಾಣಿಕಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ. ಹೋದ ವಾರ ಅವಳ ಹೊಟ್ಟೆನೋವಿಗೆಂದು ಸೊಲ್ಲಾಪುರದ ದವಾಖಾನೆಗೆ ಕರೆದುಕೊಂಡು ಹೋದವನು ಇವನೇ. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಇವನೊಬ್ಬನ ಸಂಗಡ ಮಾತಾಡಿದ್ದರು. ಕೇಳಿದರೆ, “ವಾಯು ಅಂತವ್ವಾ,” ಅಂದಿದ್ದ. ವಾಯುವಿಗೆ ಯಾರಾದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಯಿಯ ಕೈ ಹಿಡಿದು ಕೂರುತ್ತಾರೆಯೇ?

ಅವಳು ಚೌಕಟ್ಟು ಇಸಿದುಕೊಂಡು ಸವರಿದಳು. ಮೇಲಿನ ಮೂಲೆಗಳಲ್ಲಿ ಎರಡು ಹಿತ್ತಾಳೆ ಮೊಳೆಗಳು. ಹಾರ ತೂಗುಹಾಕಲಿಕ್ಕೆ.

“ಈಗ ಬಿತ್ತಿಗಿ ಕೆಲಸ ಅದ,” ಅಂದಳು, ಇಬ್ಬರ ಮುಖವನ್ನೂ ನೋಡುತ್ತ. “ದೀಪಾವಳಿ ಆದ ಮ್ಯಾಲ ಬರಸ್ತೀನಿ. ಏನ್ ಅವಸರ?”

ಮಚ್ಚೇಂದ್ರ ಮಾಣಿಕಪ್ಪನ ಕಡೆ ನೋಡಿದ. ಮಾಣಿಕಪ್ಪ ನೆಲ ನೋಡಿದ.

“ಈಗೇ ಬರಸ್ಕೊಂಡ ಬಿಡವ್ವಾ.”

ಸಣ್ಣವನಿದ್ದಾಗ ಬೆಲ್ಲ ಕದ್ದು ತಿಂದರೂ ಹೀಗೇ ನೆಲ ನೋಡುತ್ತಿದ್ದ. ಸೋನುಬಾಯಿ ಚೌಕಟ್ಟನ್ನು ಮಚ್ಚೇಂದ್ರನಿಗೆ ಮರಳಿಸಿ, ಒಂದು ಹಿಡಿ ಜೋಳ ಎತ್ತಿ ಮೆಲ್ಲಗೆ ಮೊರಕ್ಕೆ ಸುರಿದಳು.

“ಆಯ್ತು. ನಾಳಿ ಮೊದಲನೇ ಬಸ್ಸಿಗೆ ಬರ್ತೀನಿ. ಮಾರಿ ಮ್ಯಾಲಿನ ಸುಕ್ಕ ಒಂದೂ ಬಿಡಬ್ಯಾಡ ಅಂತ ಹೇಳು ನಿಮ್ಮ ಸಾಹೇಬಗ. ಆದ್ರ ಈ ಎರಡ ಮೊಳಿ ಕೀಳು.”

“ಎಲ್ಲಾ ಕಟ್ಟಿಗೂ ಹಾಕೂ ರಿವಾಜ ಅದರಿ ಅವ್ವಾರ...”

“ಇರಲಿ. ಕೀಳು.”

ಮಚ್ಚೇಂದ್ರ ಚೀಲದಿಂದ ಇಕ್ಕಳ ತೆಗೆದು ಕಿತ್ತುಕೊಟ್ಟ. ಅವಳು ಮೊಳೆಗಳನ್ನು ಮಗನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಜ್ವಾಕಿಲೆ ಇಟ್ಕೊ. ಹೊತ್ತ ಬಂದಾಗ ನೀನೇ ಹೊಡಿ, ಮಂದಿ ಕೈಲೆ ಹೊಡಸಬ್ಯಾಡ. ಈಗ ಕುಂದರು. ಡಾಕ್ಟರ ಏನಂದ, ಖರೇ ಹೇಳು.”

ಮಾಣಿಕಪ್ಪ ಅವಳ ಪಕ್ಕದಲ್ಲಿ ಕೂತ. ಒಂದು ಕೈಯಲ್ಲಿ ಮೊಳೆ ಹಿಡಿದು, ಇನ್ನೊಂದರಿಂದ ಮೊರದೊಳಗಿನ ಕಲ್ಲು ಆರಿಸುತ್ತ, ಹೇಳತೊಡಗಿದ.