ಎರಡು ಕಡೆ ಕಂಡ ಕುದುರೆ

ಕಂಪ್ಯೂಟರ್ ರಿಪೇರಿಯವನು ಚೀಲ ಕೆಳಗಿಡುವ ಮೊದಲೇ ಕ್ಯಾಮೆರಾನ ಕಣ್ಣು ಅವನ ಜೇಬಿನ ಮೇಲೆ ಬಿದ್ದಿತ್ತು. ಎಡಗಡೆ ಜೇಬು ಉಬ್ಬಿಕೊಂಡಿತ್ತು.

“ಜೇಬಲ್ಲೇನದು?”

“ಮೊಬೈಲು.”

“ಬಲಗಡೇದು?”

“ಕರವಸ್ತ್ರ. ಮೂಗು ಒರೆಸ್ಕೊಳ್ಳೋಕೆ. ತೆಗೆದು ತೋರಿಸ್ಲಾ?”

“ಬೇಡ ಬೇಡ,” ಎಂದ ಕ್ಯಾಮೆರಾ, ಕರವಸ್ತ್ರದ ತುದಿ ಕಣ್ಣಿಗೆ ಬಿದ್ದ ಮೇಲೆ.

ಕ್ಯಾಮೆರಾ ಅನ್ನುವುದು ಬೀದಿಯವರು ಇವನಿಗೆ ಇಟ್ಟ ಹೆಸರು. ಎದುರಿಗೆ ಕರೆದರೆ ಸಿಟ್ಟು ನೆತ್ತಿಗೇರುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಅಣ್ಣ ಸರಕಿನ ಲಾರಿ ಓಡಿಸಿಕೊಂಡು ಊರೂರು ತಿರುಗುವವನು. ಎಂಬ್ರಾಯ್ಡರಿ ಅಂಗಡಿ ನಡೆಸುವವರು ಅತ್ತಿಗೆ ಮತ್ತು ಇವನು. ಅತ್ತಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುತ್ತಾಳೆ, ಇವನು ಅದನ್ನು ಮಷೀನಿಗೆ ಕೊಟ್ಟು ಟೋಪಿಗೋ ಅಂಗಿಗೋ ಹೊಲಿಸುತ್ತಾನೆ. ಡಿಸೈನ್ ಅಂದರೆ ಬರೀ ಚಿತ್ರ ಅಂದುಕೊಳ್ಳಬೇಡಿ. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ತಿರುಗಬೇಕು, ದಪ್ಪ ಬಟ್ಟೆಯಾದರೆ ದಾರ ಎಷ್ಟು ಸಡಿಲ ಬಿಡಬೇಕು, ಎಲ್ಲವೂ ಅದರಲ್ಲೇ ಇರುತ್ತದೆ. ಕುದುರೆ ಸವಾರಿ ಕಲಿಸುವ ಶಾಲೆಯವರ ಟೋಪಿಗೆ ಅತ್ತಿಗೆ ಬಿಡಿಸಿದ ಕುದುರೆಯನ್ನು ನೋಡಬೇಕು. ಜೂಲು ಗಾಳಿಗೆ ಹಾರುತ್ತಿರುವ ಹಾಗೇ ಕಾಣುತ್ತಿತ್ತು. ಅಂಥ ಡಿಸೈನುಗಳು ವರ್ಷಗಟ್ಟಲೆ ಸೇರಿ ಸೇರಿ ಅವಳ ಫೋಲ್ಡರಿನಲ್ಲಿ ತುಂಬಿದ್ದವು. ಗಿರಾಕಿಗಳು ಅಂಗಡಿಗೆ ಬರುತ್ತಿದ್ದದ್ದು ಅವಕ್ಕಾಗಿ. ಆ ಫೋಲ್ಡರ್ ಹೋದರೆ ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗಬೇಕು, ಅಷ್ಟೇ.

ಕ್ಯಾಮೆರಾ ಹಿಂದೆ ಹೀಗಿರಲಿಲ್ಲ. ಇವರಲ್ಲೇ ಕೆಲಸ ಕಲಿತ ಕುಳ್ಳ ಒಂದು ದಿನ ಬಿಟ್ಟುಹೋಗಿ, ನಾಚಿಕೆಯಿಲ್ಲದೆ ಎದುರು ಸಾಲಿನಲ್ಲೇ ತನ್ನ ಅಂಗಡಿ ತೆರೆದ. ಸ್ವಲ್ಪ ದಿನಕ್ಕೆ ಅವನ ಗಾಜಿನ ಕಪಾಟಿನಲ್ಲಿ ಒಂದು ಕುದುರೆ ಟೋಪಿ ಬಂದು ಕೂತಿತು. ರಸ್ತೆ ಈಚೆಯಿಂದ ನೋಡಿದ ಕ್ಯಾಮೆರಾನ ಹೊಟ್ಟೆಗೆ ಬೆಂಕಿ ಬಿತ್ತು. ಆಚೆ ದಾಟಿ ಹೋಗಿ ಹತ್ತಿರದಿಂದ ನೋಡಲಿಲ್ಲ, ನೋಡಿದ್ದರೆ ಮರ್ಯಾದೆ ಏನಾಗಬೇಕು! ಅವತ್ತಿನಿಂದ ಅಂಗಡಿಯೊಳಗೆ ಪೆನ್‌ಡ್ರೈವ್ ಬರಕೂಡದು ಅಂತ ಇವನದೇ ಕಾನೂನು. ಸಂಜೆ ಕೆಲಸ ಮುಗಿದ ಮೇಲೆ ಮಷೀನಿನ ಮೆಮೊರಿಯನ್ನೂ ಖಾಲಿ ಮಾಡುವ ಪದ್ಧತಿ ತಂದವನೂ ಇವನೇ. “ಬಾಗಿಲು ಮುರಿದು ಬಂದರೂ ಕಳ್ಳನ ಕೈಗೆ ಚಿಪ್ಪೇ ಸಿಗಬೇಕು,” ಅನ್ನುತ್ತಿದ್ದ.

ಈಗ ಕಂಪ್ಯೂಟರು ಜಾಗ ಇಲ್ಲ ಅಂತ ಹಟ ಹಿಡಿದಿತ್ತು. ಅತ್ತಿಗೆ ಹೊಸದೇನು ಬಿಡಿಸಿದರೂ ಉಳಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ರಿಪೇರಿಯವನು.

“ಸಿ ಡ್ರೈವ್ ತುಂಬಿ ತುಳುಕ್ತಿದೆ ಕಣಕ್ಕಾ,” ಎಂದ ಅವನು ಅತ್ತಿಗೆಗೆ. “ಕಂಪ್ಯೂಟರ್ ನಡೆಸೋ ಸಾಮಾನೆಲ್ಲಾ ಅಲ್ಲೇ ಇದೆ, ನಿಮ್ಮ ಹೆಸರಿನ ಫೋಲ್ಡರೂ ಅಲ್ಲೇ ಇದೆ, ಡಿಸೈನು, ಸೆಟ್ಟಿಂಗು, ನಿಮ್ಮದು ಅನ್ನೋದೆಲ್ಲಾ ಅದರೊಳಗೇ. ಒಳಗೆ ಡಿ ಅಂತ ಇನ್ನೊಂದು ಡ್ರೈವ್ ಖಾಲಿ ಹೊಡೀತಿದೆ. ನಿಮ್ಮ ಫೋಲ್ಡರನ್ನ ಇಡಿಯಾಗಿ ಅಲ್ಲಿಗೆ ಸಾಗಿಸಿಬಿಡೋಣ.”

“ಸಾಗಿಸೋದು ಅಂದ್ರೆ?” ಕ್ಯಾಮೆರಾ ಸ್ಟೂಲನ್ನು ಎಳೆದುಕೊಂಡು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತ.

“ಸಾಗಿಸೋದು ಅಂದ್ರೆ ಸಾಗಿಸೋದು. ಅದಕ್ಕೆ ಮೊದಲು ನನ್ನ ಹತ್ರ ಒಂದು ಡಿಸ್ಕ್ ಇದೆ, ಅದಕ್ಕೊಂದು ಕಾಪಿ ಹಾಕ್ಕೋತೀನಿ. ಹೆಚ್ಚುಕಮ್ಮಿ ಆದ್ರೆ ಇರ್ಲಿ ಅಂತ.”

“ಹಾಂ! ಬಂತು ನೋಡಿ ಅತ್ತಿಗೆ, ಬಾಯಿಂದಲೇ ಬಂತು. ಕಾಪಿ ಹಾಕ್ಕೋತಾನಂತೆ! ನಿನ್ನ ಡಬ್ಬಿ ಚೀಲದಿಂದ ಹೊರಗೆ ಬರಬಾರದು, ಹೇಳಿದೀನಿ.”

“ಅಲ್ಲ ಕಣೋ, ಅವರು ನಮ್ಮ ಒಳ್ಳೇದಕ್ಕೇ…” ಅಂದಳು ಅತ್ತಿಗೆ.

“ಕುಳ್ಳನೂ ಒಳ್ಳೆಯವನೇ ಆಗಿದ್ದ ಅತ್ತಿಗೆ. ನಿಮ್ಮ ಕೈಯಿಂದ ಊಟ ಹಾಕಿದ್ರಿ. ಇವರು ಅವನ ಅಂಗಡಿಗೂ ಹೋಗ್ತಾರೆ, ನಾನು ನೋಡಿದೀನಿ.”

“ಅವನ ಪ್ರಿಂಟರ್ ಕೆಟ್ಟಿತ್ತು ಸ್ವಾಮಿ,” ಎಂದ ರಿಪೇರಿಯವನು. “ನಿಮ್ಮದು ಕೆಟ್ಟಿದ್ರೆ ನಿಮ್ಮಲ್ಲಿಗೂ ಬರ್ತಿದ್ದೆ. ಡಿಸ್ಕ್ ಬೇಡ ಅಂದ್ರೆ ಬೇಡ, ನನಗೇನು! ಆಮೇಲೆ ನನ್ನ ಕೇಳಬೇಡಿ.”

“ನಾಳೆ ನಾನೇ ಒಂದು ಡಿಸ್ಕ್ ತರ್ತೀನಿ ಬಿಡಿ,” ಎಂದು ಅತ್ತಿಗೆ ಜಗಳ ಬಿಡಿಸಿದಳು.

ಕೆಲಸ ಶುರುವಾಯಿತು. ಕಂಪ್ಯೂಟರಿನಲ್ಲಿ ಅತ್ತಿಗೆಗೆ ಒಂದು ಹೆಸರು, ಇವನಿಗೆ ಒಂದು ಹೆಸರು, ಬೇರೆ ಬೇರೆ ಪಾಸ್‌ವರ್ಡು. ಅತ್ತಿಗೆಯದನ್ನು ಮುಚ್ಚಿಸಿ, ಇವನ ಹೆಸರಿನಿಂದ ಒಳಗೆ ಹೋಗಿ ರಿಪೇರಿಯವನು ಕೀಲಿ ಒತ್ತತೊಡಗಿದ. ಒತ್ತುತ್ತಲೇ ಅತ್ತಿಗೆಗೆ ಏನೇನೋ ವಿವರಿಸುತ್ತಿದ್ದ. ಕ್ಯಾಮೆರಾ ಒಂದಕ್ಷರವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಅವನ ಪಾಲಿಸಿ. ಮಾತಾಡುವವನು ಮಾತಾಡುವುದೇ ನಮ್ಮ ಗಮನವನ್ನು ಬಾಯಿಯ ಕಡೆ ಎಳೆಯುವುದಕ್ಕೆ, ಕಳ್ಳತನ ನಡೆಯುವುದು ಕೈಯಲ್ಲಿ. ಹಾಗಾಗಿ ಅವನು ಕಣ್ಣು ಮಿಟುಕಿಸದೆ ಆ ಹತ್ತು ಬೆರಳುಗಳನ್ನೇ ನೋಡುತ್ತ ಕೂತ. ಬೆರಳುಗಳು ಚೀಲದ ಕಡೆ ಹೋಗಲಿಲ್ಲ. ಒಮ್ಮೆ ಕಿವಿ ಕೆರೆದವು, ಒಮ್ಮೆ ಕರವಸ್ತ್ರ ತೆಗೆದವು, ಅಷ್ಟೆ.

ಮುಗಿದ ಮೇಲೆ ರಿಪೇರಿಯವನು ಎದ್ದು ನಿಂತ. “ನಾಳೆ ಒಂದ್ಸಲ ಬರ್ತೀನಿ ಅಕ್ಕಾ. ಆ ಡಿ ಡ್ರೈವಿನ ವೈರ್ ಸ್ವಲ್ಪ ಸಡಿಲ ಇದೆ. ಡ್ರೈವ್ ಹೊರಗೆ ತೆಗೆದು ವೈರ್ ಬದಲಾಯಿಸ್ತೀನಿ.”

ಡ್ರೈವ್ ಹೊರಗೆ ತೆಗೀತಾನಾ? ಕ್ಯಾಮೆರಾನ ತಲೆಯೊಳಗೆ ಗಂಟೆ ಬಾರಿಸಿತು.

ಅತ್ತಿಗೆ ದಾರ ತರಲು ಪೇಟೆಗೆ ಹೊರಟಳು. ಅವಳ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾದದ್ದೇ ತಡ, ಇವನು ಕಂಪ್ಯೂಟರಿನ ಮುಂದೆ ಕೂತ. ಮೊದಲು ಡಿ ತೆರೆದ. ಅತ್ತಿಗೆಯ ಫೋಲ್ಡರ್ ಇತ್ತು. ತೆರೆಯಲು ಹೋದರೆ ನಿನಗೆ ಅನುಮತಿ ಇಲ್ಲ, ಆದರೂ ಮುಂದುವರಿಯುತ್ತೀಯಾ ಅಂತ ಕೇಳಿತು. ಮುಂದುವರಿದ. ಒಳಗೆ ಕುದುರೆ, ಹಡಗು, ಅಗ್ನಿಶಾಮಕದವರ ಕೊಡಲಿ, ಎಲ್ಲವೂ ನೆಟ್ಟಗಿದ್ದವು. ಸರಿ, ಸಾಗಿಸಿದ್ದಾನೆ. ಆಮೇಲೆ, ಸುಮ್ಮನೆ, ಅಭ್ಯಾಸಬಲದಿಂದ ಸಿ ತೆರೆದ.

ಅಲ್ಲೂ ಅತ್ತಿಗೆಯ ಫೋಲ್ಡರ್ ಇತ್ತು. ಹಳದಿ ಬಣ್ಣದ ಅದೇ ಫೋಲ್ಡರು, ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು ಮಾತ್ರ ಹೊಸದು. ಬಾಣ ಯಾರಿಗೆ ಬೇಕು! ಒಳಗೆ ಹೋಗಿ ನೋಡಿದರೆ ಅದೇ ಕುದುರೆ, ಅದೇ ಹಡಗು, ಅದೇ ಕೊಡಲಿ.

“ಅಯ್ಯೋ ನಿನ್ನ!” ಎಂದ ಕ್ಯಾಮೆರಾ, ಖಾಲಿ ಅಂಗಡಿಗೆ ಕೇಳುವ ಹಾಗೆ.

ಸಾಗಿಸಿದರೆ ಒಂದು ಕಡೆ ಇರಬೇಕು. ಮನೆ ಸಾಮಾನು ಲಾರಿಗೆ ಹೇರಿಕೊಂಡು ಹೋದ ಮೇಲೆ ಹಳೇ ಮನೆಯಲ್ಲೂ ಅದೇ ಮಂಚ, ಅದೇ ಕುರ್ಚಿ ಇರುತ್ತದೆಯೇ? ಎರಡು ಕಡೆ ಇದೆ ಅಂದರೆ ಇದು ಸಾಗಿಸಿದ್ದಲ್ಲ, ನಕಲು ಹೊಡೆದದ್ದು. ಪೆನ್‌ಡ್ರೈವ್ ಬಿಡಲ್ಲ ಅಂತ ಗೊತ್ತಾಗಿ ನಮ್ಮದೇ ಪೆಟ್ಟಿಗೆಯೊಳಗೆ ನಕಲು ಇಟ್ಟಿದ್ದಾನೆ. ನಾಳೆ ವೈರಿನ ನೆಪ ಹೇಳಿ ಡ್ರೈವನ್ನೇ ಬಿಚ್ಚಿಕೊಂಡು ಹೋಗುತ್ತಾನೆ. ಎಂಥಾ ತಲೆ! ಮೆಚ್ಚಬೇಕು.

ಆದರೂ ಅನ್ಯಾಯವಾಗಿ ಯಾರನ್ನೂ ದೂರಬಾರದು ಅಂತ ಒಂದು ಪರೀಕ್ಷೆ ಮಾಡಿದ. ಸಿ ಯ ಫೋಲ್ಡರಿನಲ್ಲಿ ಹೊಸದಾಗಿ ಒಂದು ಖಾಲಿ ಫೈಲು ಮಾಡಿ ಅದಕ್ಕೆ ‘ಕಳ್ಳ’ ಎಂದು ಹೆಸರಿಟ್ಟ. ಡಿ ಗೆ ಹೋಗಿ ನೋಡಿದ. ‘ಕಳ್ಳ’ ಅಲ್ಲಿ ಆಗಲೇ ಬಂದು ಕೂತಿದ್ದ.

ಈಗಲೂ ಕದಿಯುತ್ತಿದೆ! ಇಲ್ಲಿ ಇಟ್ಟದ್ದು ಇಟ್ಟ ಹಾಗೇ ಅಲ್ಲಿಗೆ ಹೋಗುತ್ತಿದೆ. ಅತ್ತಿಗೆ ನಾಳೆ ಏನು ಬಿಡಿಸಿದರೂ ನೇರ ಆ ನಕಲಿನ ಹೊಟ್ಟೆಗೆ. ಅದನ್ನು ಬರೀ ಡಿಲೀಟ್ ಮಾಡಿದರೆ ಸಾಲದು, ಡಿಲೀಟ್ ಮಾಡಿದ್ದನ್ನೂ ಕಳ್ಳರು ಕೆದಕಿ ತೆಗೆಯುತ್ತಾರೆ ಅಂತ ಮೊಬೈಲಿನಲ್ಲಿ ಯಾವನೋ ಹೇಳಿದ್ದು ನೆನಪಿತ್ತು. ಡಿ ಡ್ರೈವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಫಾರ್ಮ್ಯಾಟ್ ಅಂದ. ‘ಕ್ವಿಕ್’ ಅನ್ನುವುದರ ಮುಂದಿದ್ದ ಟಿಕ್ ಗುರುತನ್ನು ಹುಷಾರಾಗಿ ತೆಗೆದ. ಅದು ಇದ್ದರೆ ಮೇಲೆ ಮೇಲೆ ಗುಡಿಸುತ್ತದೆ, ತೆಗೆದರೆ ನೆಲ ಉಜ್ಜಿ ತೊಳೆಯುತ್ತದೆ, ಅಷ್ಟು ಅವನಿಗೆ ಗೊತ್ತಿತ್ತು. ಎಲ್ಲಾ ಅಳಿಸಿಹೋಗುತ್ತದೆ, ಆಗಬಹುದಾ ಅಂತ ಕಂಪ್ಯೂಟರು ಕೇಳಿತು.

“ಆಗಬಹುದಾ ಏನು, ಆಗಲೇಬೇಕು!” ಎಂದು ಒತ್ತಿದ.

ಹಸಿರು ಪಟ್ಟಿ ಇಷ್ಟಿಷ್ಟೇ ತೆವಳತೊಡಗಿತು. ಅದು ತುದಿ ಮುಟ್ಟುವವರೆಗೂ ಅವನು ಟೋಪಿಗಳ ದಾರ ಕತ್ತರಿಸುತ್ತ, ನಾಳೆ ರಿಪೇರಿಯವನ ಮುಖ ಹೇಗಾಗುತ್ತದೆ ಅಂತ ನೆನೆದು ನಗುತ್ತ ಕೂತ. ಪಟ್ಟಿ ತುಂಬಿತು. ಡಿ ಈಗ ಬಟ್ಟ ಬಯಲು. ನಮ್ಮದು ಕ್ಷೇಮವಾಗಿದೆಯಾ ಅಂತ ಸಿ ಯ ಫೋಲ್ಡರನ್ನು ಒತ್ತಿದ.

ತೆರೆಯಲಿಲ್ಲ. ಈ ಜಾಗ ಸಿಗುತ್ತಿಲ್ಲ ಎಂದಿತು. ಸಿಗದ ಜಾಗದ ಹೆಸರನ್ನೂ ಬರೆದಿತ್ತು, ಅದು ಶುರುವಾಗುತ್ತಿದ್ದದ್ದು ಸಿ ಇಂದಲ್ಲ, ಡಿ ಇಂದ. ಮತ್ತೆ ಒತ್ತಿದ. ಮತ್ತೆ. ಕಂಪ್ಯೂಟರ್ ಆರಿಸಿ ಹಚ್ಚಿ ಒತ್ತಿದ. ರಿಪೇರಿಯವನಿಗೆ ಫೋನ್ ಹಚ್ಚಿ, ಸಿ ಯ ಫೋಲ್ಡರ್ ತೆರೆಯುತ್ತಿಲ್ಲ ಎಂದ.

“ಸಿ ನಲ್ಲಿ ಇರೋದು ಬರೀ ದಾರಿ ಕಣ್ರೀ,” ಎಂದ ರಿಪೇರಿಯವನು. “ಕಂಪ್ಯೂಟರು ಹಳೇ ಜಾಗದಲ್ಲೇ ಹುಡುಕುತ್ತೆ ಅಂತ ಅಲ್ಲಿಂದ ಡಿ ಗೆ ದಾರಿ ಮಾಡಿಟ್ಟಿದ್ದೆ. ಆ ಕಡೆಯಿಂದ ನೋಡಿದ್ರೂ ಈ ಕಡೆಯಿಂದ ನೋಡಿದ್ರೂ ಇರೋದು ಒಂದೇ ಮಾಲು. ನಿಮ್ಮ ಮುಂದೆನೇ ಹೇಳಿದ್ನಲ್ಲಾ! ಅಕ್ಕನಿಗೆ ಹೇಳ್ತಿದ್ದಾಗ ನೀವು ನನ್ನ ಪಕ್ಕದಲ್ಲೇ ಕೂತಿದ್ರಿ.”

“ನಾನು ಕೈ ನೋಡ್ತಿದ್ದೆ.”

“ಏನು?”

“ಏನಿಲ್ಲ. ಫಾರ್ಮ್ಯಾಟ್ ಆಗೋಯ್ತು ಅಂದ್ರೆ?”

“ಹೆದರಬೇಡಿ, ಕ್ವಿಕ್ ಆದ್ರೆ ವಾಪಸ್ ತೆಗೀಬಹುದು. ಕ್ವಿಕ್ ತಾನೇ?”

“ಟಿಕ್ ತೆಗೆದೆ.”

“ಹಾಗಾದ್ರೆ ಮುಗೀತು, ಇನ್ನು ಸಿಗಲ್ಲ,” ಎಂದ ರಿಪೇರಿಯವನು. ಕ್ಯಾಮೆರಾ ದನಿ ತಗ್ಗಿಸಿದ. “ನೋಡಿ, ನಾನು ಬೈಯಲ್ಲ, ಯಾರಿಗೂ ಹೇಳಲ್ಲ. ನಿಜ ಹೇಳಿ, ಹೇಗಾದ್ರೂ ಮಾಡಿ ಒಂದು ಕಾಪಿ ಹೊಡ್ಕೊಂಡಿದೀರಲ್ವಾ?”

“ನೀವು ಬಿಟ್ರೆ ತಾನೇ ಹೊಡ್ಕೊಳ್ಳೋಕೆ!” ಎಂದು ಅವನು ಕೂಗಿ ಫೋನಿಟ್ಟ.

ಮಷೀನಿನ ಮೆಮೊರಿ ನೋಡಿದ. ನಿನ್ನೆ ಸಂಜೆ ಇವನ ಕೈಯಿಂದಲೇ ಖಾಲಿಯಾದದ್ದು. ಪೆನ್‌ಡ್ರೈವ್ ಒಂದಾದರೂ ಎಲ್ಲಾದರೂ ಬಿದ್ದಿದೆಯಾ ಅಂತ ಡ್ರಾಯರು ಎಳೆದು ಸುರಿದ. ಗುಂಡಿ, ಮುರಿದ ಸೂಜಿ, ಸೀಮೆಸುಣ್ಣ. ಎಂಥಾ ಕಾವಲು ಕಾದಿದ್ದ! ಒಂದು ಇರುವೆ ಕೂಡ ಒಂದು ಚೂರು ಹೊತ್ತುಕೊಂಡು ಹೋಗಿರಲಿಲ್ಲ.

ತಲೆ ಎತ್ತಿದರೆ, ರಸ್ತೆ ಆಚೆ ಗಾಜಿನ ಕಪಾಟಿನಲ್ಲಿ ಕುದುರೆ ಟೋಪಿ.

ಕುಳ್ಳ! ಅವನು ಕದ್ದಿದ್ದಾನೆ. ಖಂಡಿತ ಕದ್ದಿದ್ದಾನೆ. ದೇವರು ದೊಡ್ಡವನು. ಬಿಟ್ಟುಹೋಗುವಾಗ ಇಡೀ ಫೋಲ್ಡರನ್ನೇ ಎತ್ತಿಕೊಂಡು ಹೋಗಿರುತ್ತಾನೆ, ಆ ಬಡ್ಡೀಮಗ, ಆ ಪುಣ್ಯಾತ್ಮ! ಕ್ಯಾಮೆರಾ ಎಡಬಲ ನೋಡದೆ ರಸ್ತೆ ದಾಟಿದ.

ಕುಳ್ಳ ಇವನನ್ನು ಕಂಡದ್ದೇ ಕತ್ತರಿ ಕೈಗೆತ್ತಿಕೊಂಡ. “ನೋಡು, ಹೊಡೆದಾಟಕ್ಕೆ ಬಂದಿದ್ರೆ…”

“ಇಲ್ಲ ಕಣೋ. ಒಂದು ಮಾತು. ನಮ್ಮ ಡಿಸೈನುಗಳನ್ನ ಕದ್ದಿದೀಯಲ್ಲ…”

“ಶುರುವಾಯ್ತಾ?”

“ಒಳ್ಳೇದಾಯ್ತು ಅಂತಿದೀನಿ ಕಣೋ! ಕದ್ದಿದ್ದು ಒಳ್ಳೇದೇ ಆಯ್ತು. ನೀನೇ ಇಟ್ಕೋ. ನನಗೊಂದು ಕಾಪಿ ಕೊಡು ಸಾಕು.”

ಕುಳ್ಳ ಕತ್ತರಿ ಕೆಳಗಿಟ್ಟ. ಇವನ ಮುಖವನ್ನೇ ನೋಡಿದ. ಆಮೇಲೆ ಕಪಾಟು ತೆಗೆದು ಕುದುರೆ ಟೋಪಿಯನ್ನು ಇವನ ಕೈಗೆ ಹಾಕಿದ. “ಹತ್ತಿರದಿಂದ ನೋಡು.”

ಕ್ಯಾಮೆರಾ ನೋಡಿದ. ಕುದುರೆಯ ಜೂಲು ಉಂಡೆ ಕಟ್ಟಿಕೊಂಡಿತ್ತು. ಹಿಂದಿನ ಕಾಲು ಕಟ್ಟಿಗೆಯ ಹಾಗೆ ಸೆಟೆದಿತ್ತು. ಹೊಟ್ಟೆಯ ಹತ್ತಿರ ಬಟ್ಟೆ ಸುಕ್ಕಾಗಿ ಎಳೆದುಕೊಂಡಿತ್ತು.

“ರಸ್ತೇಲಿ ಯಾವನದೋ ತಲೆ ಮೇಲಿದ್ದ ಟೋಪಿ ನೋಡ್ಕೊಂಡು ನಾನೇ ಬಿಡಿಸಿದ್ದು,” ಎಂದ ಕುಳ್ಳ. “ಅಕ್ಕನದು ಕದ್ದಿದ್ರೆ ನನ್ನ ಕುದುರೆ ಹೀಗೆ ಕತ್ತೆ ಥರ ಇರ್ತಿತ್ತೇನೋ? ಒಬ್ಬ ಗಿರಾಕಿನೂ ಎರಡನೇ ಸಲ ಬಂದಿಲ್ಲ.”

“ಬೇರೆ ಯಾವುದಾದ್ರೂ? ಹಡಗು? ಒಂದೇ ಒಂದು? ನೆನಪು ಮಾಡ್ಕೋ ಕಣೋ, ನಿನ್ನ ಕಾಲಿಗೆ ಬೀಳ್ತೀನಿ.”

“ಊಟ ಹಾಕಿದ ಮನೆ ಅದು. ಒಂದೂ ಇಲ್ಲ.”

ಆಗಲೇ ಬಾಗಿಲಲ್ಲಿ ಅತ್ತಿಗೆಯ ದನಿ. ದಾರದ ಚೀಲ ಕೈಯಲ್ಲೇ ಇತ್ತು, ಬಿಸಿಲಿಗೆ ಮುಖ ಕೆಂಪಾಗಿತ್ತು. “ಇಲ್ಲಿದೀಯಾ! ಅಂಗಡಿ ತೆರೆದಿಟ್ಟು ಬಂದಿದೀಯಲ್ಲೋ, ನೀನು! ಬಾ ಬೇಗ, ಪಾಸ್‌ವರ್ಡ್ ಹಾಕಿದ್ರೆ ಕಂಪ್ಯೂಟರ್ ನನ್ನ ಗುರುತೇ ಹಿಡೀತಿಲ್ಲ. ನನ್ನದು ಅನ್ನೋದು ಒಂದೂ ಇಲ್ಲ ಅದರಲ್ಲಿ.” ಅವಳು ಉಸಿರು ತೆಗೆದುಕೊಂಡಳು. “ಆ ರಿಪೇರಿಯವನದೇ ಕೆಲಸ. ನೀನು ಬೆಳಗ್ಗೆಯಿಂದ ಬಡ್ಕೊಂಡೆ, ನಾನೇ ಕೇಳಲಿಲ್ಲ. ನೀನು ಹೇಳಿದ್ದೇ ಸರಿ ಕಣೋ, ಯಾರನ್ನೂ ನಂಬಬಾರದು.”

ಇಷ್ಟು ದಿನದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಅದಕ್ಕಾಗಿ ಅವನು ಎಷ್ಟು ಕಾದಿದ್ದ! ಹೌದು ಅಂದುಬಿಟ್ಟರೆ ಮುಗಿಯಿತು. ರಿಪೇರಿಯವನ ಮಾತನ್ನು ಯಾರು ಕೇಳುತ್ತಾರೆ? ಕುಳ್ಳ ಇಬ್ಬರನ್ನೂ ನೋಡಿದ. ಟೋಪಿಯನ್ನು ಇವನ ಕೈಯಿಂದ ವಾಪಸ್ ತೆಗೆದುಕೊಂಡು ಅದರ ಮೇಲಿನ ದೂಳು ತಟ್ಟತೊಡಗಿದ.

ಅತ್ತಿಗೆ ಇವನನ್ನೇ ನೋಡುತ್ತಿದ್ದಳು. ಕ್ಯಾಮೆರಾನಿಗೆ ಮಾತ್ರ ಅವಳ ಮುಖ ನೋಡಲಾಗಲಿಲ್ಲ, ಅವಳ ಕೈ ನೋಡಿದ. ಮೌಸ್ ಹಿಡಿದು ಹಿಡಿದು ಮಣಿಕಟ್ಟಿನ ಹತ್ತಿರ ಚರ್ಮ ಗಟ್ಟಿಯಾಗಿತ್ತು.

“ಅವನಲ್ಲ ಅತ್ತಿಗೆ,” ಎಂದ. “ಮೊದಲು ಆ ಚೀಲ ಕೆಳಗಿಡಿ. ಕೂತ್ಕೊಳ್ಳಿ. ಅವನು ಏನೂ ಮಾಡಿಲ್ಲ.”