ಬೀಳುವ ವಿದ್ಯೆ

ಫಿಸಿಕ್ಸ್ ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಜಾರಿದೆ, ಇನ್ನೇನು ಬಿತ್ತು, ಇಲ್ಲ, ಬೆರಳಿನಿಂದ ಮೇಲಕ್ಕೆ ತಳ್ಳಿಕೊಂಡರು — ಅಲ್ಲಮ್ಮಾ, ಬೀಳೋದನ್ನ ಕಲಿಯೋಕೆ ಕಾಲೇಜು ಯಾಕೆ, ಬಾಳೆಹಣ್ಣಿನ ಸಿಪ್ಪೆ ಸಾಲದಾ — ತಮ್ಮ ಮಾತಿಗೆ ತಾವೇ ನಕ್ಕರು, ಕಟ್ಟಡ ವಿನ್ಯಾಸದ ಮೇಡಂ ನಗಲಿಲ್ಲ, ಮನಶ್ಶಾಸ್ತ್ರದ ಸರ್ ನಗಲೋ ಬೇಡವೋ ಎಂಬಂತೆ ಪೆನ್ನು ತಿರುಗಿಸುತ್ತಿದ್ದಾರೆ, ಅವಳು ಅರ್ಜಿ ಹಿಡಿದು ಮೂವರ ಎದುರು ನಿಂತಿದ್ದಾಳೆ, ಮೂರು ವಿಭಾಗ ಬೆಸೆದು ತನ್ನದೇ ಒಂದು ವಿಷಯ ಕಟ್ಟಿಕೊಳ್ಳಬೇಕಾದರೆ ಈ ಮೂವರೂ ಹೂಂ ಅನ್ನಬೇಕು, ಅನ್ನದಿದ್ದರೆ ಮತ್ತೆ ಬರೀ ಫಿಸಿಕ್ಸು, ಇಳಿಜಾರಿನಲ್ಲಿ ಉರುಳುವ ಗೋಲಿ, ಆ ಇಳಿಜಾರಿನಲ್ಲಿ ಅಜ್ಜಿ ಎಲ್ಲಿ, ಅಜ್ಜಿ ಮೆಟ್ಟಿಲಿಂದ ಜಾರಿದ ಸದ್ದು ಹಿಟ್ಟಿನ ಚೀಲ ಎತ್ತಿಹಾಕಿದ ಹಾಗಿತ್ತು, ಆಮೇಲೆ ಬಿದ್ದಲ್ಲಿಂದಲೇ, ಅಯ್ಯೋ ಹಾಲು ಚೆಲ್ಲಿತೇನೇ — ಮೂಳೆ ಕೂಡಿಕೊಂಡಿತು, ಅಪ್ಪ ಮೆಟ್ಟಿಲಿಗೆ ಕಂಬಿ ಹಾಕಿಸಿದ, ಆದರೂ ಅಜ್ಜಿ ಮೇಲಿನ ಕೋಣೆಯಿಂದ ಮೆಟ್ಟಿಲ ತನಕ ಬಂದು, ಇಳಿಯಲು ಒಂದು ಕಾಲೆತ್ತಿ, ಮತ್ತೆ ಹಿಂದಕ್ಕಿಟ್ಟು, ನಾಳೆ ನೋಡೋಣ ಬಿಡೇ, ಆ ನಾಳೆ ಇನ್ನೂ ಬಂದಿಲ್ಲ, ಮೂಳೆ ಸರಿ, ಮೆಟ್ಟಿಲು ಸರಿ, ಸರಿಯಿಲ್ಲದ್ದು ಯಾವ ವಿಭಾಗದಲ್ಲಿದೆ ಸರ್ — ಅಯ್ಯೋ, ಇಷ್ಟೂ ಬಾಯಿಬಿಟ್ಟೇ ಹೇಳಿದಳೇ, ಹೇಳಿಬಿಟ್ಟಿದ್ದಾಳೆ, ಪೆನ್ನು ತಿರುಗುವುದು ನಿಂತಿದೆ, ಅಮ್ಮ ಬೆಳಿಗ್ಗೆ ಅಂದದ್ದು, ಎಡಬಿಡಂಗಿ ಆಗ್ತೀಯ ಕಣೇ, ಅತ್ತ ಡಾಕ್ಟರೂ ಅಲ್ಲ ಇತ್ತ ಎಂಜಿನಿಯರೂ ಅಲ್ಲ, ಮಗಳು ಏನು ಓದ್ತಾಳೆ ಅಂದ್ರೆ ಏನು ಹೇಳ್ಲಿ, ಬೀಳೋದು ಅಂತ ಹೇಳಮ್ಮ, ಅಮ್ಮನಿಗೂ ನಗು ತಡೆಯಲಾಗಲಿಲ್ಲ — ಮೇಡಂ ಈಗ ಮಾತಾಡುತ್ತಿದ್ದಾರೆ, ಮೆಟ್ಟಿಲು ಎಷ್ಟೆತ್ತರ ಇರಬೇಕು ಅಂತ ನಾನು ಹೇಳಿಕೊಡ್ತೀನಿ, ಇಳಿಯೋಕೆ ಯಾಕೆ ಹೆದರ್ತಾರೆ ಅನ್ನೋದನ್ನ ಇವರು ಹೇಳ್ಲಿ, ಮನಶ್ಶಾಸ್ತ್ರದ ಸರ್ ತಲೆಯಾಡಿಸುತ್ತಾರೆ, ನನಗೂ ಪೂರ್ತಿ ಗೊತ್ತಿಲ್ಲ, ಜೊತೆಗೇ ಹುಡುಕೋಣ, ಮೇಷ್ಟ್ರು ಕನ್ನಡಕ ಮತ್ತೆ ಮೇಲಕ್ಕೆ ತಳ್ಳಿಕೊಂಡರು, ಹೂಂ, ಒಂದು ವರ್ಷ ನೋಡೋಣ, ಲೆಕ್ಕ ತಪ್ಪಿದ್ರೆ ನನ್ನ ಕ್ಲಾಸಿಗೆ ವಾಪಸ್ — ಹೂಂ ಅಂದರು, ಮೂವರೂ ಅಂದರು, ಬಾಗಿಲು, ಹೊರಗಿನ ಬೆಳಕು, ಎರಡೆರಡು ಮೆಟ್ಟಿಲು ಹಾರಿ ಓಡಬೇಕು, ಮೊದಲು ಅಮ್ಮನಿಗೋ ಅಜ್ಜಿಗೋ, ಹಿಂದೆ ಹೆಜ್ಜೆ, ಮೇಷ್ಟ್ರು, ದಾರಿ ಬಿಟ್ಟು ಸರಿದಳು, ಅವರು ಮೊದಲ ಮೆಟ್ಟಿಲ ಬಳಿಯೇ ನಿಂತರು, ಅವಳತ್ತ ನೋಡಲೂ ಇಲ್ಲ — ಹೋದ ವಾರ ಬಾತ್‌ರೂಮಲ್ಲಿ ಜಾರಿಬಿಟ್ಟೆ, ಮನೇಲಿ ಹೇಳಿಲ್ಲ, ನೀನು ನಡಿ — ಇಲ್ಲ ಸರ್, ಅವಸರ ಏನಿಲ್ಲ — ಒಂದು ಮೆಟ್ಟಿಲು, ಕಂಬಿಯ ಮೇಲೆ ಅವರ ಕೈ, ಬಿಳಿಚಿದ ಗೆಣ್ಣುಗಳು, ಇನ್ನೊಂದು ಮೆಟ್ಟಿಲು, ಕೈ, ಇನ್ನೊಂದು, ಕೈ, ಗೆಣ್ಣುಗಳಿಗೆ ಬಣ್ಣ ಮರಳುತ್ತಿದೆ, ಬಿಗಿಹಿಡಿದ ಕಿರುಬೆರಳು ಸಡಿಲವಾಗುತ್ತಿದೆ, ಅದರ ಪಕ್ಕದ್ದೂ —