ನಡುವಿನ ದಾರಿ

ಹೊಸೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ತಪ್ಪಾಯಿತು ಅಂದುಕೊಂಡಳು ರಾಮಕ್ಕ. ಗಾಳಿ ತಣ್ಣಗೆ ಬಡಿದು ಮೊಮ್ಮಗಳು ಕೋಮಲಾಳ ಕಣ್ಣು ಎಳೆಯುತ್ತಿದ್ದವು. ಹುಡುಗಿ ಮೂರು ಗಂಟೆಗೇ ಎದ್ದವಳು, ಆದರೆ ಈಗ ಮಲಗುವ ಹಾಗಿರಲಿಲ್ಲ. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ತಲೆಗೆ ವೈರು ಅಂಟಿಸಿ ಮಿದುಳಿನ ಓಟವನ್ನು ಗೆರೆಗಳಲ್ಲಿ ತೆಗೆಯುತ್ತಾರೆ. ನಿದ್ದೆಗೆಟ್ಟು ಬಂದು ಅಲ್ಲೇ ಮಲಗಬೇಕು ಅಂದಿದ್ದರು ಡಾಕ್ಟರು. ಇವತ್ತು ತಪ್ಪಿದರೆ ಇನ್ನೊಂದು ತಾರೀಕಿಗೆ ತಿಂಗಳು ಕಾಯಬೇಕು.

ಚಿಕಿತ್ಸೆ ಶುರುವಾಗದೆ ಹುಡುಗಿಯನ್ನು ಒಬ್ಬಳನ್ನೇ ಕಳಿಸಬೇಡಿ ಅಂದಿದ್ದರು ಹೆಡ್‌ಮೇಷ್ಟ್ರು. ಶಾಲೆಗೆ ಇದೇ ಬಸ್ಸಿನ ರಸ್ತೆಯಲ್ಲಿ ಒಂದೂವರೆ ಮೈಲಿ ನಡಿಗೆ, ಆ ಹೊತ್ತಿಗೆ ಬಸ್ಸಿಲ್ಲ. ಜೊತೆಗೆ ಹೋಗಲು ಯಾರಿದ್ದಾರೆ? ಸೊಸೆ ಶಾಂತಿ ಐದೂವರೆಗೆ ಫ್ಯಾಕ್ಟರಿ ವ್ಯಾನು ಹತ್ತುತ್ತಾಳೆ. ಮಗ ನರೇಶ್ ರಾಗಿ ಹೊಲದ ಅಟ್ಟಣೆ ಮೇಲೆ ಆನೆ ಕಾದು, ಬೆಳಕು ಹರಿದಾಗ ಬಂದು ಉರುಳುತ್ತಾನೆ. ಉಳಿದದ್ದು ರಾಮಕ್ಕನ ಮಂಡಿ, ಅದು ಬಚ್ಚಲಿಗೆ ಹೋಗಲೂ ಯೋಚಿಸುವ ಮಂಡಿ.

ಕೋಮಲಾಗೆ ಹನ್ನೆರಡು ತುಂಬಿತ್ತು. ಎರಡು ತಿಂಗಳಿಂದ, ಹುಟ್ಟಿದಾಗಿನಿಂದ ನಡೆದ ರಸ್ತೆಯಲ್ಲೇ ನಿಂತುಬಿಡುತ್ತಿದ್ದಳು. "ಹುಣಸೆ ಮರ ಗ್ಯಾಪಕ ಐತೆ ಅಜ್ಜಿ, ಆಮ್ಯಾಕೆ ಬಾವಿ. ನಡುವಿನ ದಾರೀನೇ ಇರಲ್ಲ." ಕನಸು ಕಾಣ್ತಾಳೆ ಅಂತ ಮೇಷ್ಟ್ರು ಬೈದರು. ಡಾಕ್ಟರು ಬೈಯಲಿಲ್ಲ. ಈ ವಯಸ್ಸಿನಲ್ಲಿ ಮಿದುಳು ಜಾಗಗಳ ನಕ್ಷೆಯನ್ನು ಹೊಸದಾಗಿ ತಿದ್ದಿಕೊಳ್ಳುತ್ತಿರುತ್ತದೆ, ಕೆಲವು ಮಕ್ಕಳಿಗೆ ಒಂದು ಗಳಿಗೆ ಅದರ ಕರೆಂಟು ಎಡವುತ್ತದೆ, ಆಗ ನಡೆದ ದಾರಿ ನಕ್ಷೆಗೆ ಏರುವುದಿಲ್ಲ, ಅಂದಿದ್ದರು.

"ಸ್ಕೂಲಿಂದ ಮನೆಗೆ ದಾರಿ ಹೇಳೇ," ಅಂದಳು ರಾಮಕ್ಕ.

"ಹತ್ತು ಸಲ ಹೇಳಿದ್ನಲ್ಲ."

"ಹನ್ನೊಂದಾಗ್ಲಿ. ನಿಮ್ಮಪ್ಪ ಅಟ್ಟಣೆ ಮ್ಯಾಲೆ ಎದ್ದಿರೋದೂ ಮಾತಿಂದ್ಲೇ."

"ಗೇಟು, ಪೆಟ್ಟಿ ಅಂಗಡಿ, ಹುಣಸೆ ಮರ..." ತಲೆ ವಾಲಿತು. ರಾಮಕ್ಕ ತೋಳು ಚಿವುಟಿದಳು.

ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಮೂಟೆ ತಬ್ಬಿಕೊಂಡು ಕೂತಿದ್ದ ಮುದುಕ ಮುಂದಕ್ಕೆ ಬಾಗಿದ. "ಯಾಕಕ್ಕಾ ಮಗೂನ ಗೋಳು ಹುಯ್ಕೊಂತೀಯ, ಮಲಗ್ಲಿ ಬಿಡು."

ರಾಮಕ್ಕ ಸುಸ್ತಾದ ದನಿಯಲ್ಲಿ ಎಲ್ಲ ಹೇಳಿದಳು. ಅವನ ಹೆಸರು ಸೊಣ್ಣಪ್ಪ ಅಂತೆ, ಮತ್ತಿಗಿರಿಯಲ್ಲಿ ಇಳಿಯುವವನು.

"ಹಂಗಾ? ಕೇಳಮ್ಮ, ನಮ್ಮೂರಿಗೆ ದಾರಿ ಹೇಳ್ತೀನಿ. ಬಸ್ಸಿಳಿದು ಎಡಕ್ಕೆ ತಿರುಗಿದ್ರೆ ನನ್ನ ಮಾವನ ಮನೆ. ಅದುಕ್ಕೇ ಎಲ್ರೂ ಬಲಕ್ಕೆ ತಿರುಗ್ತಾರೆ."

ಕೋಮಲಾ ನಕ್ಕಳು. ಅವನ ಊರಿಗೆ ಅಷ್ಟೊಂದು ತಿರುವು ಇರಲಾರದು. ಮೂರನೇ ಸಲ ಕೆರೆ ದಾಟಿದಾಗ ಅವಳೇ ತಡೆದಳು, "ತಾತಾ, ಈ ಕೆರೆ ಆಗ್ಲೇ ಬಂದಿತ್ತು."

ಮತ್ತಿಗಿರಿ ಬಂತು, ಹೋಯಿತು. ರಾಮಕ್ಕ ಗಾಬರಿಯಾದಳು. "ನಿಮ್ಮ ಸ್ಟಾಪು ಹೋಯ್ತಲ್ಲಣ್ಣ."

"ಹೋಗ್ಲಿ. ತಿರುಗಿ ಬತ್ತೀನಿ. ಕೊತ್ತಂಬರಿಗೇನು ಆಫೀಸಾ?"

ಹೊಸೂರು ಸ್ಟ್ಯಾಂಡಿನವರೆಗೂ ಅವನು ದಾರಿ ಹೇಳುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ವೈರು ಅಂಟಿಸುವ ಉಷಾರಾಣಿ ಹುಡುಗಿಯ ಬೈತಲೆ ಮುಟ್ಟಿ ಬೆರಳು ಉಜ್ಜಿ ನೋಡಿದಳು. "ಎಣ್ಣೆ ಹಾಕಿದೀರಲ್ಲ ಅಜ್ಜಿ. ವೈರು ನಿಲ್ಲಲ್ಲ."

ಶಾಂತಿ ಮೂರು ಗಂಟೆಗೇ ಹುಡುಗಿಯ ತಲೆ ತೊಳೆದಿದ್ದಳು, ಎಣ್ಣೆ ಮುಟ್ಟಿಸಬೇಡ ಅಂತಲೂ ಹೇಳಿದ್ದಳು. ಆದರೆ ಬರಿದಲೆಯಲ್ಲಿ ಹೆಣ್ಣು ಮಗಳನ್ನು ಹೊರಡಿಸಲು ರಾಮಕ್ಕನ ಕೈ ಕೇಳಿರಲಿಲ್ಲ. ಎರಡೇ ಹನಿ. ಅವಳು ಗೋಡೆಗೊರಗಿ ನಿಂತಳು.

ಉಷಾರಾಣಿ ಗಡಿಯಾರ ನೋಡಿದಳು. "ಮುಂದಿನವರನ್ನ ಮೊದಲು ಕರೀತೀನಿ. ಮುಕ್ಕಾಲು ಗಂಟೆ ಇದೆ."

ನೆಲ ಒರೆಸುತ್ತಿದ್ದ ಅಕ್ಕಯಮ್ಮ ಯಾರೂ ಕೇಳದೆಯೇ ಕ್ಯಾಂಟೀನಿನಿಂದ ಒಂದು ಬಕೆಟ್ ಬಿಸಿನೀರು ತಂದಳು, ಸೆರಗಿನ ಗಂಟಿನಿಂದ ಶಾಂಪೂ ಪ್ಯಾಕೆಟ್ಟು ತೆಗೆದಳು. ಹಿತ್ತಿಲ ನಲ್ಲಿಯ ಹತ್ತಿರ ಇಬ್ಬರು ಹೆಂಗಸರೂ ಸೇರಿ ಹುಡುಗಿಯ ತಲೆ ತಿಕ್ಕಿದರು. ಫ್ಯಾನಿನ ಕೆಳಗೆ ಕೂದಲು ಆರಿತು. ವೈರು ನಿಂತವು. ಎರಡು ನಿಮಿಷಕ್ಕೆ ಕೋಮಲಾ ಗೊರಕೆ ಹೊಡೆದಳು.

"ಒಂದೆರಡು ಕಡೆ ಗೆರೆ ಎಗರಿದೆ," ಅಂದರು ಡಾಕ್ಟರು, "ಮಾತ್ರೆಗೆ ಬಗ್ಗುವಂಥದ್ದೇ. ಶಾಲೆಗೆ ಹೋಗಲಿ, ಆದರೆ ಒಂದು ತಿಂಗಳು ದಾರಿಯಲ್ಲಿ ಯಾರಾದರೂ ಜೊತೆಗಿರಲಿ."

ವಾಪಸು ಬಸ್ಸಿನಲ್ಲಿ ಆ ಒಂದು ತಿಂಗಳು ರಾಮಕ್ಕನ ಮಡಿಲಲ್ಲಿ ಕಲ್ಲಿನ ಹಾಗೆ ಕೂತಿತ್ತು. ಯಾವಾಗ ಕಣ್ಣು ಮುಚ್ಚಿತೋ ತಿಳಿಯಲಿಲ್ಲ. ಎಚ್ಚರಾದಾಗ ಹೊರಗೆ ಪಕ್ಕದೂರಿನ ಹಾಲಿನ ಡೈರಿ ಕಂಡಿತು.

"ಕೋಮ್ಲಿ, ನಮ್ಮ ಸ್ಟಾಪು?"

"ಹೋಯ್ತು."

ಇಳಿದರು. ಬಸ್ಸು ಹೊಗೆ ಬಿಟ್ಟು ಹೋಯಿತು. ರಾಮಕ್ಕ ಹುಡುಗಿಯ ಕೈ ಹಿಡಿದುಕೊಂಡಳು. ಮೆಲ್ಲಗೆ ಕೇಳಿದಳು, "ಏನೂ ಗ್ಯಾಪಕ ಇಲ್ವಾ ಮಗಾ?"

"ಎಲ್ಲಾ ಐತೆ. ಹುಣಸೆ ಮರದ ಕೆಳ್ಗೆ ನರಸಮ್ಮಜ್ಜಿ ಕಡ್ಲೆಕಾಯಿ ಬುಟ್ಟಿಗೆ ಹಸ್ರು ಟವಲು ಹೊದ್ಸಿದ್ಲು. ಆಮ್ಯಾಕೆ ಮುರುದ ಬೇಲಿ, ಪಂಪ್‌ಸೆಟ್ ಮನೆ, ಎಲ್ಡು ಎಮ್ಮೆ. ಆಮ್ಯಾಕೆ ಬಾವಿ, ನಮ್ಮ ಸ್ಟಾಪು. ನೀನು ಬಾಯಿ ಬಿಟ್ಕೊಂಡು ಮಲಗಿದ್ದೆ. ಎಬ್ಸಕ್ಕೆ ಮನಸ್ಸು ಬರ್ಲಿಲ್ಲ. ಆ ತಾತನೂ ತನ್ನ ಸ್ಟಾಪು ಬಿಟ್ಟು ಮುಂದಕ್ಕೆ ಬಂದ್ನಲ್ಲ, ನಂಗೋಸ್ಕರ."

ಮಾತ್ರೆಯ ಚೀಟಿ ಇನ್ನೂ ರಾಮಕ್ಕನ ಕೈಯಲ್ಲೇ ಇತ್ತು. ಇವತ್ತು ದಾರಿಯಲ್ಲಿ ಗೆರೆ ಎಗರಲಿಲ್ಲ, ನಾಳೆ ಎಗರಬಹುದು. ಅವಳಿಗೆ ಗೊತ್ತಿತ್ತು.

"ನಾಳೆಯಿಂದ ನಾನೇ ಬತ್ತೀನಿ ಸ್ಕೂಲಿಗೆ," ಅಂದಳು.

"ನಿನ್ನ ಮಂಡಿ?"

"ಮಂಡಿ ನಂದಲ್ವಾ? ನಿಧಾನಕ್ಕೆ ನಡಿ."

ಹುಡುಗಿ ಮುಂದೆ ನಡೆದು, ಪ್ರತಿ ಕರೆಂಟು ಕಂಬದ ಹತ್ತಿರವೂ ನಿಂತು, ಅಜ್ಜಿ ಬರುವವರೆಗೆ ಕಾದಳು.